ಎರಡು ಬೀಗದ ಪೆಟ್ಟಿಗೆ

ಕಂತು ಏಳು: ನಾಲ್ಕನೆಯ ಮೂಲೆ

ಗುಂಡಿಗಳ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಟೋಪಿಯಿಂದ ಉದುರಿದ ಹಳದಿ ಗುಂಡಿ ಎಲ್ಲ ಹೊದಿಕೆಯ ಮೇಲೆ ಚೆಲ್ಲಾಡಿದವು. ಅವುಗಳ ನಡುವೆ ನಾಲ್ಕು ಕಾಗದದ ಚೂರುಗಳಿದ್ದವು.

ನಾನು ಹುಡುಕುತ್ತಿದ್ದದ್ದು ಮೂರು.

"ಇದನ್ನ ನೀನು ತೆಗೆದೇ ನೋಡಿಲ್ವಾ?" ಎಂದೆ.

ಪುಟ್ಟಿ ಬಾಗಿಲಿಗೆ ಒರಗಿ ನಿಂತಿದ್ದಳು. ನಲವತ್ತು ದಾಟಿದ ಹೆಂಗಸು, ಕಿವಿಯ ಹತ್ತಿರ ನರೆ ಬಂದಿದೆ, ಆದರೂ ಇಡೀ ಹೆರಿಗೆ ಆಸ್ಪತ್ರೆಗೆ ಅವಳು ಪುಟ್ಟಿಯೇ. ಅಕ್ಕ ಕರೆದ ಹೆಸರು ಅಂಟಿಕೊಂಡುಬಿಟ್ಟಿತ್ತು.

"ಅಕ್ಕನ ಡಬ್ಬಿ ಅದು, ಅಂಚೆಯಮ್ಮ. ಮುಟ್ಟೋಕೆ ಧೈರ್ಯ ಬರ್ಲಿಲ್ಲ."

"ಗುಂಡಿ ಏನು ಕಚ್ಚುತ್ತಾ?"

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯ ಬಟ್ಟೆ ಬೇಯಿಸುವ ಉಗಿಯ ಯಂತ್ರ ಸಿಡಿದು ತೀರಿಕೊಂಡ ಅವಳಕ್ಕನ, ಎಲ್ಲರ ದೊಡ್ಡಕ್ಕನ, ಕೈಬರಹದಲ್ಲಿ, ಕಳೆದ ಮೂರು ಗುರುವಾರ, ವಾರಕ್ಕೊಂದರಂತೆ ದೂರಿನ ಕಾರ್ಡು ಬಂದಿತ್ತು. ಹಾಕುತ್ತಿರುವವರು ಯಾರು ಎಂದು ಪತ್ತೆ ಮಾಡಿ ಎಂದು ಪುಟ್ಟಿಯೇ ನನ್ನನ್ನು ಕರೆಸಿದ್ದಳು.

ಇವತ್ತು ನಾಲ್ಕನೆಯ ಗುರುವಾರ. ಗಂಟೆ ಹತ್ತೂ ಹತ್ತು. ಹನ್ನೊಂದಕ್ಕೆ ಪೆಟ್ಟಿಗೆ ತೆಗೆಯುತ್ತಾರೆ.

ಆ ಪೆಟ್ಟಿಗೆಯ ಕ್ರಮವನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಊರಿನ ನಂಬಿಕೆಯೆಲ್ಲ ಅದರ ಮೇಲೆ ನಿಂತಿದೆ. ಸಮುದ್ರದಾಚೆ ಮುಖ್ಯ ಕಚೇರಿ ಇಟ್ಟುಕೊಂಡು ಹನ್ನೊಂದು ದೇಶಗಳಲ್ಲಿ ಹೆರಿಗೆ ಆಸ್ಪತ್ರೆ ನಡೆಸುವ ಸಂಸ್ಥೆ ಇದು. ಮೊದಲು ಬಂದಾಗ ಜನ ಗೇಟಿನ ಹತ್ತಿರವೂ ಸುಳಿಯಲಿಲ್ಲವಂತೆ. ಪುಕ್ಕಟೆ ಕೊಡುವವರನ್ನು ಕಂಡರೆ ಯಾರಿಗಾದರೂ ಅನುಮಾನವೇ. ಆಗ ಅಂಗಳದಲ್ಲಿ ಈ ದೂರಿನ ಪೆಟ್ಟಿಗೆ ಇಟ್ಟರು, ಎರಡು ಬೀಗ ಹಾಕಿದರು. ಒಂದು ಕೀಲಿ ಸಂಸ್ಥೆಯದು, ಇನ್ನೊಂದು ಜನರೇ ಆರಿಸಿದವರದು. ವಾರಕ್ಕೊಮ್ಮೆ ಎಲ್ಲರೆದುರು ತೆಗೆಯಬೇಕು, ಬಂದ ಕಾರ್ಡನ್ನೆಲ್ಲ ಜನರ ಕೀಲಿಯವರೇ ಗಟ್ಟಿಯಾಗಿ ಓದಬೇಕು, ಹದಿನಾಲ್ಕು ದಿನದೊಳಗೆ ಸಂಸ್ಥೆ ಗೋಡೆಗೆ ಉತ್ತರ ಅಂಟಿಸಬೇಕು.

ಕಾರ್ಡಿನಲ್ಲಿ ಹೆಸರು ಬರೆಯಬೇಕಿಲ್ಲ. ಅದರ ಒಂದು ಮೂಲೆಯನ್ನು ಕೈಯಿಂದ ಹರಿದು ಇಟ್ಟುಕೊಂಡರೆ ಸಾಕು. ಕಾರ್ಡಿನ ಮೇಲೂ ಮೂಲೆಯ ಮೇಲೂ ಒಂದೇ ಸಂಖ್ಯೆ ಇರುತ್ತದೆ. ಮೂಲೆ ಯಾರ ಕೈಲಿದೆಯೋ ದೂರು ಅವರದು. ಅವರು ಮೂಲೆ ತೋರಿಸಿ ಕೇಳಿದರೆ, ಕಾರ್ಡನ್ನು ಅವರ ಕಣ್ಣೆದುರು ಹಿಡಿಯಲೇಬೇಕು. ಇದು ಪೆಟ್ಟಿಗೆಯ ಮೇಲೇ ಬರೆದಿರುವ ನಿಯಮ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆಸ್ಪತ್ರೆಯ ನಿರ್ದೇಶಕಿ ನೋಡಲು ಕೊಟ್ಟಿದ್ದ ಮೂರು ಕಾರ್ಡುಗಳನ್ನು ಚೀಲದಿಂದ ತೆಗೆದು ಮಂಚದ ಮೇಲೆ ಸಾಲಾಗಿಟ್ಟೆ. ಒಂದೊಂದೇ ಮೂಲೆಯನ್ನು ಜೋಡಿಸಿದೆ.

ಕೂತವು. ಕೈಯಿಂದ ಹರಿದ ಅಂಚಿನಲ್ಲಿ ಒಂದು ಎಳೆ ಆ ಕಡೆ, ಒಂದು ಎಳೆ ಈ ಕಡೆ, ಮೂರೂ ತಮ್ಮ ಜಾಗಕ್ಕೆ ಹೋಗಿ ಕೂತವು. ನಾಲ್ಕನೆಯ ಮೂಲೆಗೆ ಕಾರ್ಡು ಇರಲಿಲ್ಲ.

ಯಾರೋ ಕಿಡಿಗೇಡಿ ಸತ್ತವಳ ಬರಹ ನಕಲು ಮಾಡುತ್ತಿದ್ದಾನೆ ಎನ್ನುವುದು ನಿರ್ದೇಶಕಿಯ ವಾದ. ಅಂಚೆ ಇಲಾಖೆಯಲ್ಲಿ, ವಿಳಾಸ ಸಿಗದ ಕಾಗದಗಳ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಬರಹವನ್ನು ನಕಲು ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಹರಿದ ಅಂಚನ್ನು ನಕಲು ಮಾಡಿದವರನ್ನು ಒಬ್ಬರನ್ನೂ ನೋಡಿಲ್ಲ. ಅದೂ ಅಲ್ಲದೆ ದೊಡ್ಡಕ್ಕ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಪೆನ್ಸಿಲನ್ನು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ, ಕಾರ್ಡನ್ನು ತಿರುಗಿಸಿದರೆ ಹಿಂದೆ ಸಾಲುಗಳು ಉಬ್ಬಿ ನಿಂತಿರುತ್ತಿದ್ದವು.

"ಇವು ನಿಮ್ಮಕ್ಕನೇ ಬರೆದದ್ದು," ಎಂದೆ. "ಬದುಕಿದ್ದಾಗ ಬರೆದದ್ದು. ಆಗಲೇ ಪೆಟ್ಟಿಗೆಗೂ ಹಾಕಿದ್ದಾಳೆ."

ಪುಟ್ಟಿಯ ಕೈ ತಾನಾಗಿ ಗಂಟಲಿಗೆ ಹೋಯಿತು.

ಮೂರು ಕಾರ್ಡುಗಳಲ್ಲಿ ಇದ್ದದ್ದು ಒಂದೇ ಮಾತು. ಉಗಿಯ ಯಂತ್ರದ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಪಕ್ಕದಿಂದ ಹಬೆ ಬರುತ್ತದೆ, ಯಾರಾದರೂ ಬಂದು ನೋಡಿ. ಮೊದಲ ಕಾರ್ಡಿನಲ್ಲಿ 'ದಯವಿಟ್ಟು' ಎಂದಿತ್ತು. ಮೂರನೆಯದರಲ್ಲಿ 'ಭಯ ಆಗುತ್ತದೆ' ಎಂದಿತ್ತು.

ಅವಳು ಸತ್ತ ಮೇಲೆ ಗೋಡೆಗೆ ಅಂಟಿಸಿದ ಉತ್ತರದಲ್ಲಿ ಇದ್ದದ್ದು ಬೇರೆ: 'ಈ ಯಂತ್ರದ ಬಗ್ಗೆ ಯಾವ ದೂರೂ ಬಂದಿರಲಿಲ್ಲ. ಕೆಲಸದವರ ಅಜಾಗರೂಕತೆಯಿಂದ ಅವಘಡ ಆಗಿದೆ.' ಹದಿನೆಂಟು ವರ್ಷ ಒಂದು ಮಗುವಿನ ಬಟ್ಟೆಯನ್ನೂ ಕಳೆಯದ ಹೆಂಗಸಿಗೆ ಕೊನೆಗೆ ಸಿಕ್ಕ ಹೆಸರು ಅಜಾಗರೂಕಳು. ಆ ಕಾಗದ ಈಗಲೂ ಗೋಡೆಯ ಮೇಲಿದೆ. ಪುಟ್ಟಿ ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗಬೇಕು.

ಒಂದು ಕಾರ್ಡನ್ನು ಮೂಗಿನ ಹತ್ತಿರ ಹಿಡಿದೆ. ಮಡಿಕೆಯ ಸಂದಿಯಲ್ಲಿ ಬೆರಳಾಡಿಸಿದರೆ ತುದಿಗೆ ಬೂದಿ ಮೆತ್ತಿತು.

"ಬಾ," ಎಂದೆ. "ಉಗಿಯ ಕೋಣೆ ತೋರಿಸು."

"ಅಲ್ಲಿಗೆ ಬೇಡ."

"ಅಲ್ಲಿಗೇ."

* * *

ಅಂಗಳದ ತಂತಿಯ ಮೇಲೆ ಬಿಳಿ ಹೊದಿಕೆಗಳು ಒಣಗುತ್ತಿದ್ದವು. ನಲವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಒಂಬತ್ತೇ ಹೊದಿಕೆ. ಮೂರು ವಾರದಲ್ಲಿ ಬಸುರಿಯರು ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟುಹೋಗಿದ್ದರು. ಕೆಲವರಿಗೆ ದೆವ್ವದ ಭಯ. ಹೆಚ್ಚಿನವರಿಗೆ ಮನುಷ್ಯರ ಭಯ. ಮೊನ್ನೆ ಒಬ್ಬ ಬಾಣಂತಿ ಹೇಳಿದ್ದು ಇಷ್ಟೇ: "ದೂರು ಮುಚ್ಚಿಡೋರು ಔಷಧಿ ಮಾತ್ರ ನೆಟ್ಟಗೆ ಕೊಡ್ತಾರಾ?"

ಈ ಪ್ರಶ್ನೆಯನ್ನು ನಿರ್ದೇಶಕಿಯ ಮುಂದೆ ಇಟ್ಟಿದ್ದೆ. ನಿನ್ನೆ ಅವರು ನನ್ನೆದುರು ಕಣ್ಣು ಒರೆಸಿಕೊಂಡೇ ಹೇಳಿದ್ದರು: "ನೋಡಿ, ಸಮುದ್ರದಾಚೆ ನಮ್ಮನ್ನ ಕಣ್ಣಲ್ಲಿ ನೋಡದ ಸಾವಿರಾರು ಜನ ನಮಗೆ ಸಹಾಯ ಮಾಡ್ತಾರೆ. ಇಲ್ಲಿ ದಿನಾ ನೋಡೋ ಜನ ನಮ್ಮ ಕೈಗೆ ಮಗು ಕೊಡ್ತಾರೆ. ಇಬ್ರೂ ನಂಬಿರೋದು ಆ ಪೆಟ್ಟಿಗೇನ. ನನ್ನನ್ನಲ್ಲ." ಆ ಮಾತು ನಿಜವೆಂದು ನನಗೆ ಅನ್ನಿಸಿತ್ತು. ನಿಜ ಹೇಳುವವರೂ ಸುಳ್ಳು ಅಂಟಿಸಬಲ್ಲರು ಎನ್ನುವುದೂ ನನಗೆ ಗೊತ್ತು.

ಉಗಿಯ ಕೋಣೆಯ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ಒಳಗೆ ಇನ್ನೂ ಸೋಪಿನ ವಾಸನೆ. ಒಂದು ಗೋಡೆ ಎದೆಯೆತ್ತರದವರೆಗೆ ಕಪ್ಪಾಗಿತ್ತು. ಯಂತ್ರವನ್ನು ಹೊತ್ತುಕೊಂಡು ಹೋಗಿದ್ದರು. ಅದರ ಕೆಳಗಿದ್ದ ಒಲೆ ಮಾತ್ರ ಬಾಯಿ ಮುಚ್ಚಿಕೊಂಡು ಅಲ್ಲೇ ಉಳಿದಿತ್ತು. ಮೊಳೆಗೆ ಒಂದು ಬೂದು ಬಣ್ಣದ ಏಪ್ರನ್ ನೇತಾಡುತ್ತಿತ್ತು, ಅದರ ಜೇಬಿನಲ್ಲಿ ಒಂದು ಸೂಜಿ, ದಾರ ಪೋಣಿಸಿಟ್ಟದ್ದು.

ಟಕ್ ಟಕ್.

ಕೊಳವೆಯೊಳಗಿಂದ ಎರಡು ಸದ್ದು. ಪುಟ್ಟಿ ನನ್ನ ಮೊಣಕೈ ಹಿಡಿದಳು.

"ಅಕ್ಕ ಬಾಗಿಲು ತೆಗೆಯೋ ಮುಂಚೆ ಎರಡು ಸಲ ತಟ್ತಿದ್ಲು. ಒಳಗೆ ನಾನಿದ್ರೆ ಬೆಚ್ಚಬಾರ್ದು ಅಂತ."

"ಅಡುಗೆಮನೆಯ ಬಿಸಿನೀರಿನ ಕೊಳವೆ ಅದು. ಬಿಸಿಯಾದಾಗ ಸದ್ದು ಮಾಡುತ್ತೆ."

ಹೇಳಿದೆ, ಆದರೆ ನನ್ನ ಬೆನ್ನೂ ಜುಮ್ಮೆಂದಿತ್ತು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಲೆಯ ಬಾಯಿ ತೆಗೆದು ಕೈ ಹಾಕಿದೆ. ತಣ್ಣನೆಯ ಬೂದಿ. ಕಾರ್ಡಿನ ಮಡಿಕೆಯಲ್ಲಿ ಇದ್ದದ್ದೂ ಇದೇ, ಮರದ ಪುಡಿಯ ಬಿಳಿ ಬೂದಿ.

"ಪುಟ್ಟಿ, ಪೆಟ್ಟಿಗೆಗೆ ಹಾಕಿದ ಕಾರ್ಡು ಒಲೆಗೆ ಹೇಗೆ ಬಂತು?"

"ನಂಗೇನು ಗೊತ್ತು?"

"ಎರಡು ಕೀಲಿ ಬೇಕು. ಒಂದು ನಿರ್ದೇಶಕಿಯ ಕಚೇರಿಯಲ್ಲಿ. ಇನ್ನೊಂದು ಗಡಿಯಾರದಜ್ಜನ ಕುತ್ತಿಗೆಯಲ್ಲಿ."

ಗಡಿಯಾರದಜ್ಜ ಎಂದರೆ ಆಸ್ಪತ್ರೆಯ ಎದುರು ಗಡಿಯಾರ ರಿಪೇರಿ ಮಾಡುವ ಮುದುಕ, ಜನರ ಕೀಲಿಯವನು. ಮೊದಲ ದಿನದಿಂದ ಪೆಟ್ಟಿಗೆಯ ಕಾರ್ಡು ಓದುತ್ತಿರುವುದು ಅವನೇ. ಒಂದು ವಾರವೂ ತಪ್ಪಿಲ್ಲ, ಒಂದು ದಿನವೂ ಕೀಲಿ ಕುತ್ತಿಗೆ ಬಿಟ್ಟಿಲ್ಲ ಎಂದು ಅವನು ನನಗೆ ಎದೆ ತಟ್ಟಿ ಹೇಳಿದ್ದ. ಆದರೆ ಗೋಡೆಯ ಉತ್ತರಗಳ ತಾರೀಕು ನೋಡಿದರೆ, ದೊಡ್ಡಕ್ಕ ಸಾಯುವ ಮುಂಚಿನ ತಿಂಗಳಲ್ಲಿ ಮೂರು ವಾರ ಖಾಲಿ. ಏಕೆ ಎಂದು ಕೇಳಿದ್ದಕ್ಕೆ ಅಜ್ಜ 'ದೂರೇ ಬಂದಿರಲಿಲ್ಲ' ಎಂದಿದ್ದ.

"ಆ ಮೂರು ವಾರ ಏನಾಗಿತ್ತು?"

"ಅಜ್ಜನ ಕಣ್ಣಿನ ಆಪರೇಷನ್," ಎಂದಳು, ಯೋಚಿಸದೆ. ಹೇಳಿದ ಮೇಲೆ ತುಟಿ ಕಚ್ಚಿದಳು.

"ಹಾಗಾದರೆ ಪೆಟ್ಟಿಗೆ ತೆಗೆದಿಲ್ಲ. ಮೂರು ವಾರ, ಮೂರು ಕಾರ್ಡು. ಎಲ್ಲ ಒಳಗೇ ಇತ್ತು. ಅಜ್ಜನ ಕೀಲಿ ಎಲ್ಲಿತ್ತು?"

ಅವಳು ಮೊಳೆಯ ಮೇಲಿನ ಏಪ್ರನ್ ಕಡೆ ಮುಖ ತಿರುಗಿಸಿದಳು.

"ಕಚೇರಿ ಗುಡಿಸೋದು ಯಾರು ಪುಟ್ಟಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಟ್ಟಿ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು, ಇನ್ನೂ ಏನೋ ಮೆತ್ತಿಕೊಂಡಿದೆ ಎನ್ನುವಂತೆ. ಆಮೇಲೆ ನೆಲದ ಮೇಲೆ ಕೂತಳು.

"ಆಪರೇಷನ್‌ಗೆ ಹೋಗೋವಾಗ ಅಜ್ಜ ಕೀಲಿ ಕಚೇರಿಗೆ ಕೊಟ್ಟಿದ್ರು. ಒಂದೇ ಮೊಳೆಗೆ ನೇತುಹಾಕಿದ್ರು," ಎಂದಳು. "ಎರಡು ಕೀಲೀನೂ. ಒಂದೇ ಮೊಳೆಗೆ."

ಎರಡು ಬೀಗ ಹಾಕಿ, ಎರಡು ಕೀಲಿ ಮಾಡಿ, ಹತ್ತೊಂಬತ್ತು ವರ್ಷ ಕಾಪಾಡಿ, ಕೊನೆಗೆ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದ ಜನ! ನಂಬಿಕೆ ಹಳೆಯದಾದರೆ ಹೀಗೇ ಆಗುತ್ತದೆ. ಅದನ್ನು ಕಾಯಬೇಕು ಎನ್ನುವುದೇ ಮರೆತುಹೋಗುತ್ತದೆ.

"ಸಮುದ್ರದಾಚೆಯಿಂದ ನೋಡೋಕೆ ಬರ್ತಾರೆ, ಪೆಟ್ಟಿಗೆ ತೆಗೆಯೋದು ಅವರ ಮುಂದೇನೇ, ಒಂದೇ ದೂರು ಮೂರು ಸಲ ಸಿಕ್ರೆ ಆಸ್ಪತ್ರೆ ಮುಚ್ಚಿಸ್ತಾರೆ ಅಂದ್ರು. ಮುಚ್ಚಿದ್ರೆ ಅಕ್ಕಂಗೂ ಕೆಲಸ ಇಲ್ಲ, ನಂಗೂ ಇಲ್ಲ, ಇರೋ ಈ ಒಂದು ಕೋಣೇನೂ ಇಲ್ಲ. ಅವಳ ಬರಹ ನಂಗೆ ಗೊತ್ತಲ್ವಾ? ನಾನೇ ಕಲಿಸಿದ್ದು. ಬುಧವಾರ ಸಂಜೆ ಕಸ ಗುಡಿಸ್ತಾ ಗುಡಿಸ್ತಾ ಕೀಲಿ ತಗೊಂಡೆ. ಅವಳ ಮೂರು ಕಾರ್ಡು ಆರಿಸ್ಕೊಂಡೆ. ಅತಿಥಿಗಳು ಹೋದ ಮೇಲೆ ನಾನೇ ಮುಚ್ಚಳದ ವಿಷಯ ಹೇಳೋಣ ಅಂದ್ಕೊಂಡಿದ್ದೆ. ಆಣೆ ಮಾಡಿ ಹೇಳ್ತೀನಿ, ಹೇಳೋಣ ಅಂತಾನೇ ಇದ್ದೆ."

"ಆಮೇಲೆ?"

"ಹನ್ನೊಂದೇ ದಿನ. ಸಿಡಿದುಹೋಯ್ತು."

ನಾನು ಅವಳ ಪಕ್ಕದಲ್ಲಿ ಕೂತೆ. ಬೈಯಬೇಕು ಎಂದುಕೊಂಡಿದ್ದವಳಿಗೆ ಬಾಯಿ ಬರಲಿಲ್ಲ. ನನಗೂ ಒಬ್ಬಳು ಅಕ್ಕ ಇದ್ದಳು. ಅವಳ ಒಳ್ಳೆಯದಕ್ಕೆ ಎಂದುಕೊಂಡು ನಾನು ಮಾಡಿದ ಎಷ್ಟೋ ಕೆಲಸಗಳನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

"ತಿಳಿದೂ ತಿಳಿದೂ ನನ್ನನ್ನ ಯಾಕೆ ಕರೆಸಿದೆ?"

"ಯಾಕಂದ್ರೆ ಅವು ಸುಟ್ಟುಹೋಗಿದ್ವು!" ಅವಳ ದನಿ ಒಡೆಯಿತು. "ಇದೇ ಒಲೆಗೆ ಹಾಕಿದ್ದೆ ಅಂಚೆಯಮ್ಮ. ನಾನೇ, ನನ್ನ ಕೈಯಾರೆ. ಸುಟ್ಟುಹೋದ ಕಾಗದ ಹೇಗೆ ವಾಪಸ್ ಬರುತ್ತೆ? ಅಕ್ಕನೇ ಬರೆದು ಬರೆದು ಹಾಕ್ತಿದ್ದಾಳೆ ಅನ್ನಿಸ್ತು. ನಿದ್ದೆ ಬರಲ್ಲ. ದೆವ್ವ ಅಲ್ಲ, ಮನುಷ್ಯರು ಅಂತ ನೀವೊಂದು ಮಾತು ಹೇಳಿದ್ರೆ ಸಾಕಾಗಿತ್ತು."

"ಬೆಂಕಿ ಉರೀತಿತ್ತಾ?"

"ಏನು?"

"ನೀನು ಹಾಕಿದಾಗ ಒಲೆ ಉರೀತಿತ್ತಾ?"

ಅವಳು ತಲೆಯಾಡಿಸಿದಳು. "ಸಂಜೆ ಆರಿಸಿಬಿಡ್ತೀವಿ. ಬೆಳಗ್ಗೆ ಹಚ್ಚಿದಾಗ ಸುಟ್ಟುಹೋಗುತ್ತೆ ಅಂತ ಒಳಗೆ ತಳ್ಳಿ ಬಾಯಿ ಮುಚ್ಚಿದೆ."

"ಬೆಳಗ್ಗೆ ಒಲೆ ಹಚ್ತಿದ್ದೋರು ಯಾರು?"

ಪ್ರಶ್ನೆ ಕೇಳಿದ ಮೇಲೆ ಕೇಳಬಾರದಿತ್ತು ಎನ್ನಿಸಿತು. ಆದರೆ ಬಿಟ್ಟ ಬಾಣ.

ಪುಟ್ಟಿಯ ಮುಖದ ಬಣ್ಣ ಇಳಿಯುವುದನ್ನು ನೋಡಿದೆ.

"ಅಕ್ಕ," ಎಂದಳು. "ಬೂದಿ ಎಳೆದು ಹಾಕದೆ ಹಚ್ತಾನೇ ಇರ್ಲಿಲ್ಲ."

ಕೊಳವೆಯಲ್ಲಿ ಮತ್ತೆ ಸದ್ದಾಯಿತು. ಈ ಸಲ ಇಬ್ಬರೂ ಬೆಚ್ಚಲಿಲ್ಲ.

"ಗುರುವಾರ ಬೆಳಗ್ಗೆ ಅವಳಿಗೆ ಸಿಕ್ಕಿದೆ," ಎಂದೆ, ಆದಷ್ಟು ಮೆಲ್ಲಗೆ. "ಹನ್ನೊಂದಕ್ಕೆ ಅಂಗಳಕ್ಕೆ ಬಂದು ನಿಂತಿದ್ದಳಾ?"

"ಬಂದಿದ್ಲು. ನನ್ನ ಪಕ್ಕದಲ್ಲೇ ನಿಂತಿದ್ಲು. ಅಜ್ಜ ಎಲ್ಲ ಓದಿದ್ರು. ಅವಳದು ಬರ್ಲಿಲ್ಲ. ನಾನು ಅವಳ ಕಡೆ ನೋಡ್ಲೇ ಇಲ್ಲ." ಪುಟ್ಟಿ ಮೊಣಕಾಲಿಗೆ ಹಣೆ ಒತ್ತಿಕೊಂಡಳು. "ಅವಳೇ ನನ್ನ ನೋಡಿದ್ಲು. ನೋಡಿ, 'ಊಟ ಮಾಡಿದ್ಯಾ ಪುಟ್ಟಿ, ಮುಖ ಬಾಡಿದೆ' ಅಂದ್ಲು. ಅಷ್ಟೇ."

ಅವಳು ಅತ್ತಳು. ಗಟ್ಟಿಯಾಗಿ, ಮಕ್ಕಳ ಹಾಗೆ, ಮೂಗು ಒರೆಸಿಕೊಳ್ಳದೆ. ನಾನು ಅಳಲು ಬಿಟ್ಟೆ.

ಗೊತ್ತಿದ್ದೂ ದೊಡ್ಡಕ್ಕ ಯಾರಿಗೂ ಹೇಳಲಿಲ್ಲ. ಹೇಳಿದರೆ ತಂಗಿಯ ಹೆಸರು ಬರುತ್ತದೆ. ಮುಚ್ಚಳ ಸರಿಯಿಲ್ಲದ ಯಂತ್ರದ ಮುಂದೆ ಮತ್ತೆ ಹನ್ನೊಂದು ದಿನ ನಿಂತಳು. ಆ ಹನ್ನೊಂದು ದಿನದಲ್ಲಿ ಇನ್ನೊಂದು ಕಾರ್ಡು ಬರೆದಳು, ಮೂಲೆ ಹರಿದು ಗುಂಡಿಗಳ ಜೊತೆ ಹಾಕಿದಳು, ನಾಲ್ಕೂ ಕಾರ್ಡುಗಳನ್ನು ಯಾರದೋ ಕೈಗೆ ಕೊಟ್ಟಳು. ಆ ಯಾರೋ ಈಗ ವಾರಕ್ಕೊಂದು ಹಾಕುತ್ತಿದ್ದಾರೆ. ಹಾಕಲು ಕೀಲಿ ಬೇಕಿಲ್ಲ, ಪೆಟ್ಟಿಗೆಯ ಸೀಳು ಎಲ್ಲರಿಗೂ ತೆರೆದಿದೆ.

"ಒಂದು ಹೇಳು," ಎಂದೆ. "ಆಸ್ಪತ್ರೆ ಮುಚ್ಚಿಸ್ತಾರೆ ಅಂದ್ರು ಅಂದೆಯಲ್ಲ. ಯಾರು ಅಂದಿದ್ದು?"

ಪುಟ್ಟಿ ಬಾಯಿ ತೆರೆದಳು. ಅಂಗಳದಲ್ಲಿ ಗಂಟೆ ಹೊಡೆಯಿತು. ಹನ್ನೊಂದು. ತೆರೆದ ಬಾಯಿ ಮುಚ್ಚಿಕೊಂಡಳು.

"ಹೇಳಿದ್ರೆ ಎಲ್ಲ ಮುಗೀತು ಅಂಚೆಯಮ್ಮ. ಪೆಟ್ಟಿಗೆ ಮುಟ್ಟಿದ್ದು ನಾನು ಅಂತ ಗೊತ್ತಾದ ದಿನ ಈ ಊರಲ್ಲಿ ನನ್ನ ಮುಖ ಯಾರೂ ನೋಡಲ್ಲ."

* * *

ಅಂಗಳದಲ್ಲಿ ಎಂಬತ್ತು ತೊಂಬತ್ತು ಜನ ಸೇರಿದ್ದರು. ಕೂಸುಗಳನ್ನೂ ಎದೆಗೆ ಒತ್ತಿ ಸುಮ್ಮನಿರಿಸಿದ್ದರು. ನಿರ್ದೇಶಕಿ ತಮ್ಮ ಕೀಲಿ ತಿರುಗಿಸಿದರು. ಗಡಿಯಾರದಜ್ಜ ಕುತ್ತಿಗೆಯ ದಾರ ಎಳೆದು ತನ್ನದನ್ನು ತಿರುಗಿಸಿದ.

ಮೊದಲು ಸೊಳ್ಳೆಯ ಬಗ್ಗೆ ಒಂದು ದೂರು, ಆಮೇಲೆ ಗೊರಕೆ ಹೊಡೆಯುವ ಕಾವಲುಗಾರನ ಬಗ್ಗೆ ಒಂದು. ಯಾರೂ ನಗಲಿಲ್ಲ.

ಮೂರನೆಯ ಕಾರ್ಡು ಎತ್ತಿದಾಗ ಅಜ್ಜನ ಕೈ ತಡೆಯಿತು. ಒಂದು ಮೂಲೆ ಇಲ್ಲದ, ಅಂಚಿಗೆ ಬೂದಿ ಹತ್ತಿದ ಕಾರ್ಡು. ಮುಂದಿನ ಸಾಲಿನ ಹೆಂಗಸೊಬ್ಬಳು "ದೊಡ್ಡಕ್ಕಂದು" ಎಂದು ಉಸುರಿದಳು. ಆ ಮಾತು ಅಂಗಳದ ಹಿಂದಿನವರೆಗೂ ಹರಿದುಹೋಯಿತು.

ಅಜ್ಜ ಕನ್ನಡಕ ಸರಿಮಾಡಿಕೊಂಡು ಓದಿದ. ಅವನ ದನಿ ದೊಡ್ಡದಲ್ಲ, ಆದರೆ ಒಂದಕ್ಷರವೂ ಜಾರುವುದಿಲ್ಲ.

"'ನನ್ನ ಮೂರು ಕಾರ್ಡು ಒಲೆಯಲ್ಲಿ ಸಿಕ್ಕವು. ಹಾಕಿದ್ದು ಯಾರು ಅಂತ ನನಗೆ ಗೊತ್ತು. ಅವಳ ಮೇಲೆ ನನ್ನ ದೂರಿಲ್ಲ. ಅವಳು ಹೆದರಿದ್ದಳು. ನನಗೇನಾದರೂ ಆದರೆ ಅವಳನ್ನು ಯಾರೂ ಬೈಯಬೇಡಿ.'"

ಅವನು ನಿಲ್ಲಿಸಿದ. ಕಾರ್ಡನ್ನು ಸ್ವಲ್ಪ ಹೊತ್ತು ನೋಡಿದ.

"ಇಷ್ಟೇ ಇದೆ," ಎಂದ.

ಜನ ಉಸಿರು ಬಿಟ್ಟರು. ಅಲ್ಲಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಜ್ಜ ಇಷ್ಟೇ ಎಂದರೆ ಇಷ್ಟೇ.

ನಾನು ಅಜ್ಜನ ಎದುರಿಗೆ ನಿಂತಿದ್ದೆ. ನನಗೆ ಕಾಣುತ್ತಿದ್ದದ್ದು ಕಾರ್ಡಿನ ಬೆನ್ನು. ಪಕ್ಕದಿಂದ ಬಿದ್ದ ಬಿಸಿಲಿನಲ್ಲಿ ದೊಡ್ಡಕ್ಕ ಒತ್ತಿ ಬರೆದ ಸಾಲುಗಳು ಉಬ್ಬಿ ನಿಂತಿದ್ದವು. ಪ್ರತಿ ವಾಕ್ಯಕ್ಕೂ ಹೊಸ ಸಾಲು ಹಿಡಿಯುವುದು ಅವಳ ಅಭ್ಯಾಸ. ಎಣಿಸಿದೆ. ತಪ್ಪಿರಬಹುದೆಂದು ಮತ್ತೆ ಎಣಿಸಿದೆ.

ಅಜ್ಜ ಓದಿದ್ದು ಐದು. ಕಾರ್ಡಿನಲ್ಲಿ ಏಳಿದ್ದವು.

ಓದಿದ ಕಾರ್ಡನ್ನು ಮೇಜಿನ ಮೇಲಿನ ತಟ್ಟೆಗೆ ಹಾಕುವುದು ರೂಢಿ. ಅಜ್ಜ ಇದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

ನಾನು ಬಾಯಿ ತೆರೆಯುವುದರೊಳಗೆ ನನ್ನ ಪಕ್ಕದಲ್ಲಿ ಯಾರೋ ಹೆಜ್ಜೆ ಮುಂದಿಟ್ಟರು. ಪುಟ್ಟಿ. ಅತ್ತ ಮುಖ ಇನ್ನೂ ಒದ್ದೆಯಾಗಿತ್ತು. ಅಕ್ಕ ಅವಳ ಹೆಸರು ಬರೆದಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಯುವವರೆಗೂ ಅವಳು ಯಾರು ಎಂದು ಊರಿಗೆ ಗೊತ್ತಾಗುತ್ತಿರಲಿಲ್ಲ.

ಅವಳು ಕೈ ಮೇಲೆತ್ತಿದಳು. ಬೆರಳುಗಳ ನಡುವೆ ನಾಲ್ಕನೆಯ ಮೂಲೆ ಇತ್ತು; ಕೋಣೆಯಿಂದ ಹೊರಡುವಾಗ ಮಂಚದಿಂದ ಎತ್ತಿಕೊಂಡಿರಬೇಕು.

"ಒಲೆಗೆ ಹಾಕಿದೋಳು ನಾನು," ಎಂದಳು. "ಮೂಲೆ ನನ್ನ ಹತ್ರ ಇದೆ. ಕಾರ್ಡು ತೋರಿಸಿ ಅಜ್ಜ."

ತೊಂಬತ್ತು ತಲೆಗಳು ಅವಳ ಕಡೆ ತಿರುಗಿದವು. ಆಮೇಲೆ, ನಿಧಾನವಾಗಿ, ಅಜ್ಜನ ಕಡೆ.

ಅವನು ಪುಟ್ಟಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹತ್ತೊಂಬತ್ತು ವರ್ಷ ಈ ಊರಿನ ದೂರುಗಳನ್ನು ಹಿಡಿದ ಕೈಯಿಂದ ಜೇಬಿನ ಗುಂಡಿ ಹಾಕಿಕೊಂಡ.